ನೆಲಕ್ಕೆ ಕೆನ್ನೆಯಿಟ್ಟವನು

ತುಲಾ ಸಂಕ್ರಮಣದ ಮರುದಿನ ಮಧ್ಯಾಹ್ನ, ನೆಂಟರು ತಂದುಕೊಟ್ಟ ತಲಕಾವೇರಿಯ ತೀರ್ಥದ ಕುಪ್ಪಿಯನ್ನು ದೇವರ ಮುಂದಿಟ್ಟು ಹೊರಗೆ ಬಂದಾಗ ಅಂಗಳದಲ್ಲಿ ಅಲಿ ಕುಂಞಿ ನಿಂತಿದ್ದ. ಕಲ್ಲುಗುಂಡಿಯಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ನನ್ನ ಹಿರಿಯ ಮಗ ಚೆನ್ನಕೇಶವನ ಜೊತೆಗಿದ್ದವನು. ಬಣ್ಣದ ಕೆಲಸ ಅವನದು. ನನ್ನ ಹೆಂಡತಿ ಸೇವಂತಿ ಬೆಲ್ಲ ನೀರು ತಂದಳು. ಅವನು ಮುಟ್ಟಲಿಲ್ಲ. ಬೆಲ್ಲ ನೀರು ಮುಟ್ಟದೆ ನಿಲ್ಲುವವರು ಯಾವ ಸುದ್ದಿ ತರುತ್ತಾರೆಂದು ನಮ್ಮ ಐವರ್ನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಹೇಳು ಮಾರಾಯ," ಎಂದೆ.

"ಚೆನ್ನಕೇಶವಣ್ಣನಿಗೆ ನಮ್ಮ ಶೆಡ್ಡಿನ ತಿರುಮಲೇಶ್ವರ ಸುತ್ತಿಗೆಯಲ್ಲಿ ಹೊಡೆದ. ತಲೆಗೆ."

"ಯಾವ ಆಸ್ಪತ್ರೆಯಲ್ಲಿ ಉಂಟು?"

"ಆಸ್ಪತ್ರೆ ಬೇಕಾಗಲಿಲ್ಲ ಗೌಡ್ರೇ."

ಸೇವಂತಿಯ ಕೈಯಿಂದ ಚೊಂಬು ಬಿತ್ತು. ಕಿರಿಯವನು ತೀರ್ಥರಾಮ ಒಳಗೆ ಹೋಗಿ ಕಾಡು ಸವರುವ ಕತ್ತಿ ತಂದು ಜೀಪಿನಲ್ಲಿ ಕುಳಿತ. ನಾನು ತೀರ್ಥದ ಕುಪ್ಪಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಅವನ ಪಕ್ಕದಲ್ಲಿ ಕುಳಿತೆ. ಒಬ್ಬ ಮಗ ಹೋಗಿದ್ದ. ಇನ್ನೊಬ್ಬನನ್ನು ಸಂಜೆಗೆ ಮನೆಗೆ ಮರಳಿ ತರುವುದೊಂದೇ ನನ್ನ ಪಾಲಿಗೆ ಉಳಿದಿತ್ತು.

ದಾರಿಯಲ್ಲಿ ಅಲಿ ಕುಂಞಿ ನಡೆದದ್ದನ್ನು ಹೇಳಿದ.

ಚೆನ್ನಕೇಶವನ ಕೆಲಸ ಗೆರೆಯದು. ಬಸ್ಸಿನ ಮೂತಿಯನ್ನು ಸಿಮೆಂಟು ನೆಲದ ಮೇಲೆ ನಿಜವಾದ ಅಳತೆಯಲ್ಲೇ ಸೀಮೆಸುಣ್ಣದಿಂದ ಬರೆಯುತ್ತಿದ್ದ. ಗೆರೆಯುದ್ದಕ್ಕೂ ಆಣಿ ಹೊಡೆದು, ಅವುಗಳಿಗೆ ಒರಗಿಸಿ ಅಡಿಕೆ ಮರ ಸೀಳಿದ ತೆಳ್ಳನೆಯ ಸಲಾಕೆಯನ್ನು ಬಗ್ಗಿಸುತ್ತಿದ್ದ. ಆಮೇಲೆ ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ಸಲಾಕೆಯ ಉದ್ದಕ್ಕೆ ನೋಡುವನು. ಎಲ್ಲಿ ಸಲಾಕೆ ಮುರುಟಿದೆಯೋ ಅಲ್ಲಿಯ ಆಣಿ ಕೀಳುವನು. ಸಲಾಕೆ ಹಟ ಬಿಟ್ಟು ತಾನಾಗಿ ಮಲಗುವವರೆಗೂ ಹೀಗೆಯೇ. ಆ ಗೆರೆಗೆ ಸರಿಯಾಗಿ ಕಬ್ಬಿಣದ ಪಕ್ಕೆಗಳನ್ನು ಬಗ್ಗಿಸಿ ನಿಲ್ಲಿಸಿದರೆ ಮೇಲಿನ ತಗಡು ಚರ್ಮದಂತೆ ಕೂರುತ್ತದೆ. ಒಂದು ಪಕ್ಕೆ ಹೊರಗೆ ಚಾಚಿದರೂ ತಗಡು ಉಬ್ಬಿ, ಘಾಟಿಯಲ್ಲಿ ಅದುರಿ, ರಿವೆಟ್ ಕಿತ್ತುಕೊಂಡು ಏಳುತ್ತದೆ. ಅವನು ಹಾಗೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿದಾಗ ಯಾರೂ ಮಾತಾಡಿಸಬಾರದು, ಗೆರೆ ದಾಟಬಾರದು. ಅದು ಶೆಡ್ಡಿನ ಕಟ್ಟಳೆ.

ಆ ದಿನ ಬೆಳಗ್ಗೆ ವೆಲ್ಡಿಂಗ್ ಮಾಡುವ ತಿರುಮಲೇಶ್ವರ ನಿಲ್ಲಿಸಿದ್ದ ಪಕ್ಕೆಯೊಂದು ಗೆರೆಗೆ ಕೂಡಲಿಲ್ಲ.

"ಇದು ಬಸ್ಸೋ, ಬಸುರಿ ಎಮ್ಮೆಯೋ?" ಎಂದ ಚೆನ್ನಕೇಶವ. "ಕೊಯ್ದು ತೆಗೆ."

"ನಿನ್ನ ಗೆರೆ ತಪ್ಪಿರಬಹುದು. ಇನ್ನೊಮ್ಮೆ ನೆಲ ನೆಕ್ಕಿ ನೋಡು."

ಎಲ್ಲರೂ ನಕ್ಕರು. ಚೆನ್ನಕೇಶವ ಕೈಯಲ್ಲಿದ್ದ ಸಲಾಕೆಯಿಂದ ಅವನ ಮುಖಕ್ಕೆ ಬಾರಿಸಿದ. ರಕ್ತ ಬಂತು. ಚೆನ್ನಕೇಶವ ತಿರುಗಿಯೂ ನೋಡದೆ ಸಲಾಕೆಯನ್ನು ಆಣಿಗಳಿಗೆ ಒರಗಿಸಿ, ಗೆರೆ ಸರಿಯೋ ಎಂದು ನೋಡಲು ಕೆನ್ನೆಯನ್ನು ನೆಲಕ್ಕಿಟ್ಟ. ತಿರುಮಲೇಶ್ವರನೊಬ್ಬನನ್ನು ಬಿಟ್ಟು ಉಳಿದವರು ಚಹಾಕ್ಕೆ ಹೋದರು.

"ನಾವು ಬಂದಾಗಲೂ ಹಾಗೆಯೇ ಮಲಗಿದ್ದರು," ಎಂದ ಅಲಿ ಕುಂಞಿ. "ಗೆರೆ ನೋಡುದು ಅಂತ ತಿಳಿದೆವು. ನಾನು ಕಾಲು ತಾಗದ ಹಾಗೆ ಸುತ್ತು ಬಳಸಿ ಹೋದೆ. ಬಣ್ಣದ ಡಬ್ಬ ಕಲಸಿದೆ, ಬೀಡಿ ಸೇದಿದೆ. ಮತ್ತೆ ಸೀಮೆಸುಣ್ಣದ ಗೆರೆ ಕೆಂಪಾಗುದು ಕಂಡಿತು."

ಶೆಡ್ಡಿನಲ್ಲಿ ಮಗ ಅದೇ ಭಂಗಿಯಲ್ಲಿದ್ದ. ತಲೆಯ ಹಿಂಭಾಗ ಒಳಕ್ಕೆ ಕುಸಿದಿತ್ತು. ಸುಳ್ಯದಿಂದ ಪೊಲೀಸರು ಇನ್ನಷ್ಟೇ ಬರಬೇಕಾಗಿತ್ತು. ಕೆಲಸದವರು ಸುತ್ತಿಗೆ ಸಮೇತ ಸಿಕ್ಕ ತಿರುಮಲೇಶ್ವರನನ್ನು ಹಗ್ಗದಿಂದ ಕಂಬಕ್ಕೆ ಬಿಗಿದು, ಹಲ್ಲು ಉದುರುವಷ್ಟು ಹೊಡೆದಿದ್ದರು. ಅವನ ಕೆನ್ನೆಯ ಮೇಲೆ ಸಲಾಕೆಯ ಬರೆ ಇನ್ನೂ ಎದ್ದು ಕಾಣುತ್ತಿತ್ತು.

ತೀರ್ಥರಾಮ ಕತ್ತಿ ಎತ್ತಿದ. ನಾನು ಅಡ್ಡ ಹೋಗಿ ಅಲಗನ್ನೇ ಹಿಡಿದೆ. ಅಂಗೈ ಸೀಳಿತು.

"ಬಿಡಿ ಅಪ್ಪ."

"ನಿನ್ನ ಅಣ್ಣ ಮುಖ ನೆಲಕ್ಕಿಟ್ಟು ಮಲಗಿದ್ದಾಗ ಇವನು ಹೊಡೆದ. ಇವನನ್ನು ಕಟ್ಟಿ ಹಾಕಿರುವಾಗ ನೀನು ಕಡಿಯುದು. ಎಂತ ವ್ಯತ್ಯಾಸ ಉಂಟು?"

"ಹಾಗಾದರೆ ಬಿಚ್ಚಿ ಅವನನ್ನು."

ತಿರುಮಲೇಶ್ವರ ರಕ್ತ ಉಗುಳಿ, "ಕಡಿಯಲಿ ಗೌಡ್ರೇ," ಎಂದ. "ಚೆನ್ನಕೇಶವ ನನಗೆ ಎಲ್ಲರೆದುರು ಹೊಡೆದ. ನಾಯಿಗೂ ಹಾಗೆ ಹೊಡೆಯುದಿಲ್ಲ." ಅದು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಮಗನ ಕೈ ಮುಂದೆ, ಮಾತು ಹಿಂದೆ.

"ಕತ್ತಿ ಎಳೆ ಮಗ," ಎಂದೆ ತೀರ್ಥರಾಮನಿಗೆ. "ನನ್ನ ಬೆರಳು ಹೋಗುತ್ತವೆ. ಹೋಗಲಿ. ಅವನಲ್ಲಿಗೆ ಹೋಗುದಾದರೆ ಇದೇ ದಾರಿ."

ಅವನು ಹಿಡಿಯನ್ನು ಬಿಗಿದ. ಅಲಗು ಇನ್ನಷ್ಟು ಒಳಗೆ ಇಳಿಯಿತು. ನಾನು ಬಿಡಲಿಲ್ಲ. ಕೊನೆಗೆ ಅವನ ಕೈ ಸಡಿಲಿತು. ಕತ್ತಿ ನನ್ನ ಕೈಯಲ್ಲೇ ಉಳಿಯಿತು. ಅವನು ಅಣ್ಣನ ಕಾಲಬಳಿ ಕುಸಿದ.

ಪೊಲೀಸರು ಬಂದು ನೋಡಿ, ತಿರುಮಲೇಶ್ವರನನ್ನು ಕರೆದೊಯ್ದ ಮೇಲೆ ಮಗನನ್ನು ಮಗುಚಿದೆವು. ಕೆನ್ನೆಯ ಮೇಲೆ ಸೀಮೆಸುಣ್ಣದ ಗೆರೆ ಅಚ್ಚಾಗಿತ್ತು, ಒಂದು ಕಡೆಯೂ ಮುರಿಯದೆ. ಒರೆಸಲು ಬಂದವರನ್ನು ತಡೆದೆ. ನನ್ನ ಕೈಗೆ ಬಟ್ಟೆ ಸುತ್ತಿದ್ದರಿಂದ ಕುಪ್ಪಿಯ ಬಿರಡೆಯನ್ನು ತೀರ್ಥರಾಮನೇ ತೆಗೆದ. ಅಣ್ಣನ ತುಟಿಗೆ ತೀರ್ಥವನ್ನು ಅವನೇ ಬಿಟ್ಟ.

ಕಾವೇರಮ್ಮ, ಇವನು ಕೋಪಿಷ್ಠ, ಆದರೆ ಕೆಲಸಕ್ಕೆ ಮೋಸ ಮಾಡಿದವನಲ್ಲ. ಇವನು ಎತ್ತಿದ ಕೈಯನ್ನು ಕ್ಷಮಿಸು. ನೆಲಕ್ಕಿಟ್ಟ ಈ ತಲೆಯನ್ನು ನಿನ್ನ ಮಡಿಲಿಗೆ ಎತ್ತಿಕೋ. ಅಲ್ಲಿ ಇವನ ಬೆನ್ನ ಹಿಂದೆ ಯಾರೂ ನಿಲ್ಲದಿರಲಿ. ನನ್ನ ಮಗನಿಗೆ ಶಾಂತಿ ಕೊಡು ತಾಯಿ.