ಎರಡನೇ ಸ್ಟೇಜು

"ಎರಡನೇ ಸ್ಟೇಜು" ಎಂದರು ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರಮ್ಮ.

ಸ್ಟೇಜೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಬಸ್ ಕಂಡಕ್ಟರ್. ಟಿಕೆಟ್ ದರ ಏರುವ ನಿಲ್ದಾಣಕ್ಕೆ ನಮ್ಮಲ್ಲಿ ಅದೇ ಹೆಸರು. ನನ್ನ ಬಸ್ಸಿಗೆ ನಮ್ಮ ಯಜಮಾನರೇ ಡ್ರೈವರ್. ನಾನು ಬಾಗಿಲು ಬಡಿದು "ರೈಟ್, ರೈಟ್" ಎಂದು ಕೂಗದೆ ಇವರು ಗಾಡಿ ಹೊರಡಿಸುವವರಲ್ಲ.

"ಒಟ್ಟು ಎಷ್ಟು ಸ್ಟೇಜು?" ಎಂದೆ.

"ನಾಲ್ಕು."

ಪಕ್ಕದಲ್ಲಿ ಕೂತಿದ್ದ ಇವರು ನನ್ನ ಮುಖ ನೋಡಿದರು. ಎರಡಕ್ಕೆ ಬಂದ ಬಸ್ಸು ಮೂರಕ್ಕೆ, ನಾಲ್ಕಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು? ಆಮೇಲೆ ಡಾಕ್ಟರಮ್ಮ ಆಪರೇಷನ್ನು, ಔಷಧಿ ಎಂದು ಏನೇನೋ ಹೇಳಿದರು. ಒಂದೂ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದವಳೇ, "ನಂಗೆ ಆಪರೇಷನ್ ಬೇಡ. ಕೊನೇ ಸ್ಟಾಪಿಗೆ ಹೋಗೋದೇ ಆದ್ರೆ ಆರಾಮಾಗಿ ಕೂತ್ಕೊಂಡು ಹೋಗ್ತೀನಿ" ಎಂದೆ. ಇವರು ಒಗೆದು ಮಡಚಿಟ್ಟ ಬಟ್ಟೆಯನ್ನೇ ತೆಗೆದು ಮತ್ತೆ ನೆನೆಹಾಕಿದರು.

ಅತ್ತೆ ಸುಮ್ಮನಿರುವ ಜೀವವಲ್ಲ. "ಚಿಲ್ಲರೆ ಕೊಡದೋರ ಜೊತೆ ಜಗಳ ತೆಗೆದು ಇಡೀ ಬಸ್ಸನ್ನೇ ನಿಲ್ಲಿಸ್ತೀಯಲ್ಲೇ! ಡಾಕ್ಟ್ರ ಮುಂದೆ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಹೋಗು, ಸರಿಯಾಗಿ ಕೇಳ್ಕೊಂಡು ಬಾ!"

ಮರುದಿನ ಹೋಗಿ ಕೇಳಿಯೇಬಿಟ್ಟೆ. "ಡಾಕ್ಟ್ರೇ, ಮೂರನೇ ಸ್ಟೇಜು ಯಾವಾಗ ಬರುತ್ತೆ?"

ಅವರು ಕನ್ನಡಕ ತೆಗೆದಿಟ್ಟರು. "ಬಂದೇ ಬರುತ್ತೆ ಅಂತ ಯಾರಮ್ಮ ಹೇಳಿದ್ದು? ಇದು ಬಸ್ ರೂಟಲ್ಲ. ಗಡ್ಡೆ ಎಷ್ಟು ದೊಡ್ಡದು, ಎಲ್ಲೀವರೆಗೆ ಹರಡಿದೆ ಅಂತ ಹೇಳೋ ಗುರುತು, ಅಷ್ಟೆ. ನಿಮ್ಮದು ಎಡಗಡೆ ಎದೆಯಿಂದ ಕಂಕುಳದವರೆಗೆ ಬಂದಿದೆ, ಅದರಾಚೆ ಎಲ್ಲೂ ಕಾಣ್ತಿಲ್ಲ. ನಾವು ಚಿಕಿತ್ಸೆ ಕೊಡೋದೇ ಗುಣ ಆಗ್ಲಿ ಅಂತ. ಸುಲಭ ಅಂತ ಮಾತ್ರ ಹೇಳಲ್ಲ. ಕೂದಲು ಉದುರುತ್ತೆ, ಸುಸ್ತಾಗುತ್ತೆ."

ಅಂದರೆ ಈ ಗಡ್ಡೆಯನ್ನು ನಡುದಾರಿಯಲ್ಲೇ ಇಳಿಸಬಹುದು! ನನಗೆ ಅಳುವೂ ಬಂತು, ಸಿಟ್ಟೂ ಉಕ್ಕಿತು. ಟಿಕೆಟ್ ಇಲ್ಲದೆ ಹತ್ತಿದವರನ್ನು ಈ ಜನ್ಮದಲ್ಲಿ ಬಿಟ್ಟವಳೇ ನಾನು?

"ಇದು ಟಿಕೆಟ್ ತಗೊಳ್ದೆ ಹತ್ತಿದೆ ಡಾಕ್ಟ್ರೇ. ಇಲ್ಲೇ ಇಳಿಸಿ" ಎಂದೆ.

ಆಪರೇಷನ್ ದಿನ ನರ್ಸಮ್ಮ ನನ್ನ ಬಾಯಿಂದಲೇ "ಎಡಗಡೆ" ಎಂದು ಹೇಳಿಸಿ, ಅಲ್ಲಿ ಶಾಯಿಯಲ್ಲಿ ಗುರುತು ಹಾಕಿದರು. ತಳ್ಳುಗಾಡಿಯಲ್ಲಿ ಮಲಗಿಸಿ ಥಿಯೇಟರಿನ ಬಾಗಿಲಿಗೆ ತಂದರು. ನಮ್ಮ ಯಜಮಾನರು ಗಾಡಿಯ ಕಂಬಿ ಹಿಡಿದವರು ಬಿಡಲೊಲ್ಲರು. ನನಗೇನು ಭಯವಿರಲಿಲ್ಲವೇ? ಆದರೆ ಇಬ್ಬರೂ ಹೀಗೆ ನಿಂತುಬಿಟ್ಟರೆ ಗಾಡಿ ಮುಂದೆ ಹೋಗುವುದು ಹೇಗೆ? ಕಂಬಿಯನ್ನು ಟಪಟಪ ಬಡಿದೆ.

"ರೈಟ್, ರೈಟ್!"

ನರ್ಸಮ್ಮ ಬೆಚ್ಚಿಬಿದ್ದರು. "ಅಯ್ಯೋ! ಎಡಗಡೆ ಅಂದ್ರಲ್ಲಮ್ಮ!"

ಅಷ್ಟು ದಿನ ಬಿಗಿದಿದ್ದ ಇವರ ಮುಖ ಸಡಿಲವಾಗಿ ನಗು ಒತ್ತರಿಸಿ ಬಂತು. ಕಣ್ಣೊರೆಸಿಕೊಳ್ಳುತ್ತಾ, "ಎಡಗಡೇನೇ ಸಿಸ್ಟರ್. ಅವಳು ಹೇಳಿದ್ದು ಹೊರಡಿ ಅಂತ" ಎಂದರು.

ಕಂಬಿ ಬಿಟ್ಟರು. ಗಾಡಿ ಹೊರಟಿತು.