ಮಂಚಮ್ಮನ ಹಿತ್ತಿಲ ಗೋಡೆಯ ಪೆಟ್ಲುಪ್ಪು

"ಲೇ ಮಂಚೀ, ಗೋಡೆ ಮುಟ್ಬೇಡ! ಮುಟ್ಟುದ್ರೆ ಕೈ ಮುರುದ್ಬುಡ್ತೀನಿ, ಮುದಿ ಮುಂಡೆ!"

ಗೋಡೆ ನಮ್ಮದೇ. ನಮ್ಮತ್ತೆ ಮಂಚಮ್ಮ ಮಣ್ಣು ಕಲಸಿಕೊಂಡು ಅದರ ತೂತಿಗೆ ಮೆತ್ತುತ್ತಿದ್ದಳು. ಬೈದವನು ಪಂಚಾಯ್ತಿ ಅಧ್ಯಕ್ಷ ಸಿದ್ದಮಲ್ಲಪ್ಪ. ಕೇರಿಗೆ ಕಾಲಿಟ್ಟರೆ ಅವನಿಗೆ ಮೈಲಿಗೆ, ಆದ್ದರಿಂದ ಮೋರಿಯ ಆಚೆಯೇ ನಿಂತಿದ್ದ. ಬೈಗುಳಕ್ಕೆ ಮೈಲಿಗೆ ಇಲ್ಲವಲ್ಲ, ಅದು ಸಲೀಸಾಗಿ ಒಳಗೆ ಬಂತು.

"ಬೀಳ್ತಾ ಅದೆ ಬುದ್ದೀ. ಒಳಗಡೆ ಕೂಸು ಮಲಗ್ತದೆ."

"ಬೀಳ್ಲಿ ಬುಡಮ್ಮಿ! ಅದು ರಿಸರ್ಚ್ ಗೋಡೆ."

ಸಂಗತಿ ಇಷ್ಟೇ. ಸಿದ್ದಮಲ್ಲಪ್ಪನ ಮನೆಯೂ ಕೊಟ್ಟಿಗೆಯೂ ದಿಬ್ಬದ ಮೇಲಿವೆ, ನಮ್ಮ ಕೇರಿ ಇಳಿಜಾರಿನಲ್ಲಿದೆ. ಅವನ ದನಗಳ ಗಂಜಲವೆಲ್ಲ ತಾತ ಮುತ್ತಾತರ ಕಾಲದಿಂದ ಮೋರಿ ಹಿಡಿದು ಬಂದು ನಮ್ಮ ಗೋಡೆಯ ಬುಡದಲ್ಲಿ ನಿಲ್ಲುತ್ತದೆ. ನಾತ ತಡೆಯಲಾರದೆ ನಾವು ಅದರ ಮೇಲೆ ಒಲೆಯ ಬೂದಿ ಸುರಿಯುತ್ತೇವೆ. ಬಿಸಿಲಿಗೆ ಗೋಡೆಯ ಮೇಲೆ ಬೆಳ್ಳಗೆ ಉಪ್ಪು ಹೂತು ಮಣ್ಣು ಪುಡಿಪುಡಿಯಾಗಿ ಉದುರುತ್ತದೆ. ಅತ್ತೆ ಪಂಚಾಯ್ತಿಗೆ ಅಲೆದೂ ಅಲೆದೂ ಸಾಕಾಗಿ, ಕೊನೆಗೂ ಮೋರಿ ತಿರುಗಿಸಲು ಸಿಮೆಂಟ್ ಪೈಪು ಬಂದು ಬಿದ್ದವು. ಅದೇ ವಾರ ಮೈಸೂರಿನಿಂದ ಹೇಮಂತ್ ಎಂಬ ವಿಜ್ಞಾನಿಯೂ ಬಂದ.

ಹುಡುಗ ಒಳ್ಳೆಯವನೇ, ಪಾಪ. ಗೋಡೆ ಕೆರೆದು ಬಾಟಲಿಗೆ ತುಂಬಿಕೊಂಡು, ದೇವರನ್ನು ಕಂಡವನ ಹಾಗೆ ನಿಂತುಬಿಟ್ಟ.

"ಪೊಟ್ಯಾಸಿಯಂ ನೈಟ್ರೇಟ್ ಅಮ್ಮ, ಪೆಟ್ಲುಪ್ಪು! ಗಂಜಲ ತಿಂದು ಮಣ್ಣಿನಲ್ಲಿರೋ ಸೂಕ್ಷ್ಮಜೀವಿಗಳು ಮಾಡೋದು. ಪಟಾಕಿಗೆ ಬೇಕು, ಬಾಳೆಗೆ ಗೊಬ್ಬರ, ಹಲ್ಲು ಜುಮ್ಮೆನ್ನೋರ ಪೇಸ್ಟಿಗೂ ಹಾಕ್ತಾರೆ. ಇಂಥಾ ಗೋಡೆ ನನಗೆಲ್ಲೂ ಸಿಕ್ಕಿರಲಿಲ್ಲ."

"ಅಂಗಾದ್ರೆ ಇದ್ನ ತಕ್ಕೊಂಡೋಗು ಮಗಾ, ನಮ್ಗೊಂದು ಬ್ಯಾರೆ ಗೋಡೆ ಕಟ್ಸು."

"ಇಲ್ಲಮ್ಮ, ಗಂಜಲ ಹರೀತಾನೇ ಇರಬೇಕು. ಇನ್ನೆರಡು ವರ್ಷ ಏನೂ ಮುಟ್ಟಬೇಡಿ."

ಪೈಪುಗಳು ಟ್ರ್ಯಾಕ್ಟರ್ ಹತ್ತಿ ಸಿದ್ದಮಲ್ಲಪ್ಪನ ಬಾಳೆತೋಟ ಸೇರಿದವು.

ಆಮೇಲೆ, ರಿಸರ್ಚಿಗೆ ಗಂಜಲ ಕೊಟ್ಟನೆಂದು ಅವನಿಗೊಂದು ಸನ್ಮಾನ ಬೇರೆ. ಅವನ ಮನೆ ಮುಂದೆ ಶಾಮಿಯಾನ ಎದ್ದಿತು. ನಂಜನಗೂಡಿನಿಂದಲೂ ನರಸೀಪುರದಿಂದಲೂ ಸಾಹೇಬರು ಬಂದರು. ಅವತ್ತು ಬೆಳಿಗ್ಗೆಯೇ ನಮ್ಮ ಗೋಡೆಯ ಒಂದು ಮೂಲೆ ಕುಸಿದು, ನನ್ನ ಮಗಳು ಮಲಗುವ ಚಾಪೆಯ ಮೇಲೆ ಬಿದ್ದಿತು. ಕೂಸು ಆಗಷ್ಟೇ ಎದ್ದು ನನ್ನ ಸೊಂಟ ಏರಿತ್ತು. ಸದ್ದು ಕೇಳಿ ಹೇಮಂತ್ ಓಡಿ ಬಂದ.

"ಅಯ್ಯೋ, ಸ್ಯಾಂಪಲ್ ಹೋಯ್ತಲ್ಲಾ!"

ಅತ್ತೆ ಆ ಬಿದ್ದ ಮಣ್ಣನ್ನು ಮಂಕರಿಗೆ ತುಂಬಿ ತಲೆಗೇರಿಸಿಕೊಂಡು ದಿಬ್ಬ ಹತ್ತಿದಳು. ಕೇರಿಯ ಹೆಂಗಸರೆಲ್ಲ ಒಂದೊಂದು ಮಂಕರಿ ಹೊತ್ತು ಹಿಂದೆ ನಡೆದೆವು.

ಮೇಲೆ ಮೈಕಿನಲ್ಲಿ ಸಿದ್ದಮಲ್ಲಪ್ಪ ಹೇಳುತ್ತಿದ್ದ: "ಮಣ್ಣು ಕೇರೀದಿರ್ಬೋದು ಸಾ, ಗಂಜ್ಲ ನಮ್ದು! ನಮ್ಮ ತಾತನ ಕಾಲದಿಂದ ಬುಡ್ತಾ ಇದ್ದೀವಿ. ಲೆಕ್ಕ ಹಾಕುದ್ರೆ ನಮ್ಮ ತಾತನೂ ವಿಜ್ಞಾನಿನೇ!"

ಸಾಹೇಬರು ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲೇ ನಾವು ಕೊಟ್ಟಿಗೆಯ ಮೋರಿಯ ಬಾಯಿಗೆ ಮಣ್ಣು ಸುರಿದು ತುಳಿದೆವು. ಅದರ ಮೇಲೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತಳು. ಗಂಜಲ ತಿರುಗಿ ಅಂಗಳಕ್ಕೆ ಹರಿಯಿತು, ಶಾಮಿಯಾನದೊಳಕ್ಕೆ ನುಗ್ಗಿತು. ಸಾಹೇಬರು ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು.

"ತೆಗೀರ್ಲಾ ಅದ್ನ!" ಸಿದ್ದಮಲ್ಲಪ್ಪ ಹಾರ ಹಾಕಿಕೊಂಡೇ ಓಡಿ ಬಂದ. ಅವನ ಮಗ ನಂಜೇಶ್ ಸನಿಕೆ ಹಿಡಿದು ಹಿಂದೆಯೇ ಬಂದ.

"ತೆಗೀಬೇಕಾದ್ರೆ ಮೊದ್ಲು ನನ್ನ ಎತ್ತಾಕ್ಬೇಕು ಬುದ್ದೀ," ಅತ್ತೆ ಎರಡೂ ತೋಳು ಚಾಚಿದಳು. "ಬನ್ನಿ, ರಟ್ಟೆ ಇಡೀರಿ. ಮುಟ್ಟಿ."

ನಂಜೇಶ್ ಅಪ್ಪನ ಮುಖ ನೋಡಿದ. ಅಪ್ಪ ಸಾಹೇಬರ ಮುಖ ನೋಡಿದ. ಸಾಹೇಬರು ಮೊಬೈಲು ನೋಡಿದರು. ಹೇಮಂತ್ ಒಬ್ಬನೇ ಒಂದು ಹೆಜ್ಜೆ ಮುಂದೆ ಬಂದ.

"ನಿಂಗ್ಯಾಕೆ ಮಗಾ ತೊಂದ್ರೆ? ನಿಂಗೆ ಬೇಕಾಗಿರೋ ಗಂಜ್ಲ ಅಲ್ಲಿ ಅವ್ರ ಜಗಲಿ ಬುಡ್ದಲ್ಲಿ ನಿಂತದೆ. ಓಗು, ನೋಡ್ಕೊ."

ಅವನು ತಿರುಗಿ ನೋಡಿ, ಜೇಬಿನಿಂದ ಬಾಟಲಿ ತೆಗೆದ.

ಅತ್ತೆ ನನ್ನ ಕಡೆ ಕೈ ನೀಡಿದಳು. "ಮಂಗ್ಳಾ, ಕೂಸ ಇಲ್ಲಿ ಕೊಡು, ನನ್ನ ತೊಡೆ ಮ್ಯಾಲೆ ಮಲಗ್ಲಿ. ಪೈಪು ಆಕೋಗಂಟ ನಾವಿಬ್ರೂ ಇಲ್ಲೇಯ."