ಕೋನಪ್ಪ ಡಿಕ್ಕಿ ಬಿಚ್ಚಿದ ದಿನ

ಹೆಂಡತಿ ತೀರಿಕೊಂಡು ಇಪ್ಪತ್ತು ದಿನಗಳಾಗಿದ್ದವು. ಅಳು ಬರಬೇಕಾದ ಕಡೆಯಲ್ಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಬೆಳಿಗ್ಗೆ ಸಂಧ್ಯಾವಂದನೆಗೆ ಕುಳಿತರೆ ಅರ್ಘ್ಯದ ನೀರನ್ನು ಬಿಡುವ ಬದಲು ಎರಚುತ್ತಿದ್ದೆ.

ಅದೇ ಸಿಟ್ಟಿನಲ್ಲಿ ಆ ದಿನ ಶಿಡ್ಲಘಟ್ಟದಿಂದ ಚಿಂತಾಮಣಿಗೆ ಫಿಯಟ್ ಗಾಡಿಯನ್ನು ನಾನೇ ಓಡಿಸಿಕೊಂಡು ಹೋದೆ. ಅರವತ್ತಾರನೆಯ ಇಸವಿಯ ಗಾಡಿ, ನನ್ನ ಮಾವನವರು ಮಗಳು ಅಲಮೇಲುವಿಗೆ ಕೊಟ್ಟದ್ದು. ಅವಳು ಅದರ ಮೇಲೆ ಒಂದು ಗೀರು ಬೀಳಲು ಬಿಟ್ಟಿರಲಿಲ್ಲ. ಈಗ ಡಿಕ್ಕಿಯ ಮುಚ್ಚಳ ಸೊಟ್ಟಗಾಗಿತ್ತು. ಎಡಗಡೆ ಕೀಲಿನ ಹತ್ತಿರ ತಗಡು ಮಡಿಚಿಕೊಂಡು ಇಡೀ ಮುಚ್ಚಳ ಒಂದು ಪಕ್ಕಕ್ಕೆ ತಿರುಚಿಕೊಂಡಿತ್ತು. ಬೀಗ ಬೀಳುತ್ತಿರಲಿಲ್ಲ. ಅದನ್ನು ಹಾಳು ಮಾಡಿದವನು ಮುನಿಶಾಮಿ ಎಂದು ನಾನು ಹೇಳಿದ್ದೆ. ಹೇಳಿದ್ದು ವೈಕುಂಠ ಸಮಾರಾಧನೆಯ ದಿನ, ಎಲೆ ಹಾಕಿ ಎಂಬತ್ತು ಜನ ಕುಳಿತಿದ್ದಾಗ.

ಮುನಿಶಾಮಿ ಜಂಗಮಕೋಟೆಯವನು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾಗಿ ಈಗ ರೇಷ್ಮೆಹುಳು ಸಾಕುತ್ತಿದ್ದ. ಇಪ್ಪತ್ತೈದು ವರ್ಷ ಆ ಗಾಡಿಯ ಎಂಜಿನ್ನಿಗೆ ಬೇರೆ ಯಾರೂ ಕೈ ಹಾಕಿರಲಿಲ್ಲ. ಅಲಮೇಲು ಅವನನ್ನು ನಡುಮನೆಯಲ್ಲಿ ಕೂರಿಸಿ ಬಡಿಸುತ್ತಿದ್ದಳು. ನೆಂಟರು ಜಾತಿ ಎತ್ತಿ ಮೂಗು ಮುರಿದರೆ, "ಅವನು ನನ್ನ ತಮ್ಮ, ನಿಮಗೇನು?" ಎಂದು ಮುಖಕ್ಕೇ ಹೇಳುತ್ತಿದ್ದಳು.

ಹನ್ನೆರಡನೆಯ ದಿನ ಬಾಳೆಯೆಲೆ, ತರಕಾರಿ ತರುವುದಕ್ಕೆ ಅವನು ಗಾಡಿ ಒಯ್ದಿದ್ದ. ಹೋದವನು ತನ್ನ ಎರಡು ಮೂಟೆ ರೇಷ್ಮೆಗೂಡನ್ನೂ ಅದರಲ್ಲೇ ಹಾಕಿಕೊಂಡು ಬಂದು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಇಳಿಸಿದ್ದ. ಮುಚ್ಚಳವನ್ನು ಹಗ್ಗದಿಂದ ಬಂಪರಿಗೆ ಬಿಗಿದಿದ್ದ. ಮರುದಿನ ಆ ಹಗ್ಗ, ಆ ಸೊಟ್ಟ ಮುಚ್ಚಳ ಎರಡೂ ಒಟ್ಟಿಗೆ ನನ್ನ ಕಣ್ಣಿಗೆ ಬಿದ್ದವು. ಅವಳ ಕರ್ಮದ ಎಲೆ ತರುವ ಗಾಡಿಯಲ್ಲಿ ನಾಳೆ ಕುದಿನೀರಿಗೆ ಬೀಳುವ ಹುಳುಗಳ ಮೂಟೆ! ನನ್ನ ನಾಲಗೆ ನನ್ನ ಹತೋಟಿಯಲ್ಲಿ ಉಳಿಯಲಿಲ್ಲ.

"ಅವಳು ಕಣ್ಮುಚ್ಚಿದ್ದೇ ತಡ, ಗಾಡಿ ನಿಮ್ಮಪ್ಪಂದಾಯ್ತೇನೋ? ಮೂಟೆ ತುರುಕಿ, ಹಗ್ಗ ಜಗ್ಗಿ ಮುಚ್ಚಳ ಮುರಿದೆಯಲ್ಲೋ, ಕಳ್ಳ!"

ಎಲೆಗಳ ಮೇಲೆ ಆಡುತ್ತಿದ್ದ ಕೈಗಳೆಲ್ಲ ನಿಂತವು. ಮುನಿಶಾಮಿ ಅಂಗಳದಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ.

"ಮುಚ್ಚಳ ಮೊದಲೇ ಬಾಗಿತ್ತು ಮೇಷ್ಟ್ರೇ. ಬೀಗ ಬೀಳ್ತಿರಲಿಲ್ಲ, ಅದಕ್ಕೇ ಹಗ್ಗ ಕಟ್ಟಿದೆ. ದುಃಖದಲ್ಲಿದೀರ ಅಂತ ಸುಮ್ಮನಿದ್ದೆ."

"ಸುಳ್ಳು!"

ನನ್ನ ಭಾಮೈದ ಪಂಕ್ತಿಯಿಂದಲೇ ಬಾಯಿ ಹಾಕಿದ. "ಇಂಥೋರನ್ನ ನಡುಮನೆ ತನಕ ಬಿಟ್ಕೊಂಡ್ರೆ ಇನ್ನೇನಾಗುತ್ತೆ ಭಾವ?"

ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಮುನಿಶಾಮಿ ಕೊಡವನ್ನು ಮೆಲ್ಲಗೆ ಕೆಳಗಿಟ್ಟು, ಊಟ ಮಾಡದೆ ಹೊರಟುಹೋದ.

ವಾರದ ಮೇಲೆ ಅವನಿಂದ ಫೋನು ಬಂತು. "ಚಿಂತಾಮಣಿ ಕೋನಪ್ಪನ ಹತ್ರ ಮುಚ್ಚಳ ಬಿಚ್ಚಿಸಿ. ನಾನೂ ಬರ್ತೀನಿ. ತಗಡು ನೋಡಿ ಅವನು ನಾನೇ ಮಾಡಿದ್ದು ಅಂದ್ರೆ ನಿಮ್ಮ ಕಾಲಿಗೆ ಬೀಳ್ತೀನಿ. ಅಲ್ಲ ಅಂದ್ರೆ ನೀವೇನು ಮಾಡ್ತೀರೋ, ಯೋಚನೆ ಮಾಡ್ಕೊಂಡು ಬನ್ನಿ."

ನಾನು ಯೋಚನೆಯನ್ನೇನೂ ಮಾಡಿಕೊಂಡು ಹೋಗಲಿಲ್ಲ. ಗೆಲ್ಲುವುದಕ್ಕೆ ಹೋದೆ.

ಕೋನಪ್ಪ ಗಾಡಿಗಳ ಬಾಗಿದ ತಗಡು ನೇರ ಮಾಡುವ ಟಿಂಕರ್ ಕೆಲಸದವನು. ಬಡಿದು ಬಡಿದು ಅವನಿಗೆ ಕಿವಿ ಮಂದವಾಗಿತ್ತು, ಆದ್ದರಿಂದ ಎಲ್ಲರೊಡನೆಯೂ ಕೂಗಿಯೇ ಮಾತನಾಡುತ್ತಿದ್ದ. ನಾನು ಹೋದಾಗ ಮುನಿಶಾಮಿ ಆಗಲೇ ಬಸ್ಸಿನಲ್ಲಿ ಬಂದು ಶೆಡ್ಡಿನ ಹೊರಗೆ ನಿಂತಿದ್ದ. ನಮಸ್ಕಾರ ಮಾಡಲಿಲ್ಲ.

"ಏಂ ಸಾಮಿ, ಇಬ್ಬರೂ ಹೆಣ್ಣು ನೋಡಕ್ಕೆ ಬಂದೋರಂಗೆ ಮುಖ ಬಿಗಿದಿದೀರ!" ಎಂದು ಕೋನಪ್ಪ ನಕ್ಕ. ನಾವಿಬ್ಬರೂ ನಗಲಿಲ್ಲ.

"ನೀನು ಕೆಲಸ ನೋಡಪ್ಪ," ಎಂದೆ. "ಹಗ್ಗ ಜಗ್ಗಿ ಬಾಗಿಸಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ."

"ನೀವೇ ಹೇಳೋದಾದ್ರೆ ಕೋನಪ್ಪ ಯಾಕೆ ಬೇಕಿತ್ತು?" ಎಂದ ಮುನಿಶಾಮಿ.

ಕೋನಪ್ಪ ಕೀಲಿನ ಬೋಲ್ಟುಗಳನ್ನು ಬಿಚ್ಚಿ, ಮುಚ್ಚಳವನ್ನು ಇಳಿಸಿ, ಮರಳು ತುಂಬಿದ ಚೀಲದ ಮೇಲೆ ಬೋರಲು ಮಲಗಿಸಿದ. ಅಂಚಿನ ಉದ್ದಕ್ಕೂ ಹೆಬ್ಬೆಟ್ಟು ಎಳೆದ. ಒಳಗಿನ ಪಟ್ಟಿಯನ್ನು ಬಟ್ಟೆಯಿಂದ ಒರೆಸಿದ. ಆಮೇಲೆ ತಲೆ ಅಲ್ಲಾಡಿಸಿದ.

"ಹಗ್ಗ ಅಲ್ಲ ಸಾಮಿ. ಹಗ್ಗ ಜಗ್ಗಿದ್ರೆ ಅಂಚು ತಗ್ಗಾಗ್ತೈತೆ. ಅಂಚು ನೋಡಿ, ಗೆರೆ ಎಳೆದಂಗೈತೆ. ಇದು ಒಳಗಿಂದ ಆಗಿರೋದು. ಕೀಲಿನ ಹತ್ರ ಏನೋ ಗಟ್ಟಿ ಸಾಮಾನು ಇಟ್ಟು, ಮೇಲಿಂದ ದಬಾ ದಬಾ ಅಂತ ಬಡಿದವ್ರೆ. ಒಂದ್ಸಲ ಅಲ್ಲ, ಮೂರು ಸಲ. ಮೂರು ಗುರುತು ಐತೆ."

"ರೇಷ್ಮೆಗೂಡಿನ ಮೂಟೆ ಗಟ್ಟಿ ಇರ್ಲಿಲ್ವೇನೋ?" ಎಂದು ನಾನು ಮುನಿಶಾಮಿಯ ಕಡೆ ತಿರುಗಿದೆ.

"ರೇಷ್ಮೆಗೂಡು ಸಾಮಿ, ಹತ್ತಿ ಇದ್ದಂಗೆ!" ಎಂದು ಕೋನಪ್ಪನೇ ಕೂಗಿದ. "ಇದು ಕಬ್ಬಿಣ. ಬಣ್ಣ ಬೇರೆ ಹತ್ತೈತೆ. ಬಿಳೀದು, ಅದರ ಪಕ್ಕ ಕರೀದು."

ನಾನು ಬಗ್ಗಿ ನೋಡಿದೆ. ಆ ಬಣ್ಣ ನನಗೆ ಗೊತ್ತಿತ್ತು.

ಅಲಮೇಲುವಿಗೆ ಉಸಿರಾಟಕ್ಕೆಂದು ಚಿಕ್ಕಬಳ್ಳಾಪುರದಿಂದ ಬಾಡಿಗೆಗೆ ತಂದಿದ್ದ ಆಕ್ಸಿಜನ್ ಸಿಲಿಂಡರು. ಮೈ ಕಪ್ಪು, ಕುತ್ತಿಗೆ ಬಿಳಿ. ಅವಳು ಹೋದಾಗ ಅದರಲ್ಲಿ ಇನ್ನೂ ಅರ್ಧ ಉಳಿದಿತ್ತು. ಮರುದಿನ ಬೆಳಿಗ್ಗೆ ಅದು ಮಂಚದ ಪಕ್ಕದಲ್ಲಿ ಹಾಗೆಯೇ ನಿಂತಿದ್ದುದನ್ನು ನೋಡಲಾರದೆ, ಯಾರನ್ನೂ ಕರೆಯದೆ ನಾನೊಬ್ಬನೇ ಎಳೆದುಕೊಂಡು ಹೋಗಿ ಡಿಕ್ಕಿಗೆ ತಳ್ಳಿದೆ. ಮುಚ್ಚಳ ಕೂರಲಿಲ್ಲ. ಬಡಿದೆ. ಮತ್ತೆ ಬಡಿದೆ. ಏನೋ ಕೂಗಿಕೊಂಡು ಬಡಿದೆ, ದೇವರನ್ನೇ ಬೈದಿರಬೇಕು. ಅಂಗಡಿಯವನ ಮುಂದೆ ಅದನ್ನು ಇಳಿಸಿ, ಹಿಂತಿರುಗಿ ಕೂಡ ನೋಡದೆ ಬಂದಿದ್ದೆ.

ಮುಚ್ಚಳ ಅಂದೇ ಬಾಗಿತ್ತು. ಮುನಿಶಾಮಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆ ಸಿಲಿಂಡರನ್ನು ವಾಪಸು ಕೊಟ್ಟವರು ಯಾರೆಂದು ಇವರಿಬ್ಬರಿಗೂ ಗೊತ್ತಿರಲಿಲ್ಲ. ಕಬ್ಬಿಣದ ಸಾಮಾನು ಯಾರದೋ ಏನೋ ಎಂದು ನಾನು ಗಾಡಿ ಬಿಟ್ಟು ಹೊರಟುಬಿಡಬಹುದಾಗಿತ್ತು. ಹೊರಡಬೇಕೆಂದು ಎದ್ದೂ ನಿಂತೆ. ಕೋನಪ್ಪ ಮರದ ಕೊಡತಿ ಎತ್ತಿಕೊಂಡು, ತಗಡಿನ ಮಡಿಕೆಯ ಕೆಳಗೆ ಕಟ್ಟಿಗೆಯ ತುಂಡು ಕೊಟ್ಟು, ಒಳಪಟ್ಟಿಯನ್ನು ಬಿಡಿಸತೊಡಗಿದ್ದ. ಒಂದೊಂದು ಏಟೂ ನನ್ನ ಎದೆಗೇ ಬೀಳುತ್ತಿತ್ತು.

"ನಿಲ್ಲಿಸೋ!" ಎಂದು ಕಿರುಚಿದೆ.

ಕೋನಪ್ಪ ನಿಲ್ಲಿಸಿದ.

"ನಾನೇ ಕಣಯ್ಯ ಮುನಿಶಾಮಿ. ಆ ಆಕ್ಸಿಜನ್ ಸಿಲಿಂಡರ್ ಒಯ್ಯೋವಾಗ ನಾನೇ ಬಡಿದೆ. ಮರೆತೇ ಹೋಗಿತ್ತು. ತಪ್ಪಾಯ್ತು."

ಅವನ ಮುಖ ಸಡಿಲವಾಗುವುದೆಂದು ಕಾದೆ. ಕೆಂಪಾಯಿತು.

"ಎಂಬತ್ತು ಎಲೆ ಮುಂದೆ ಕಳ್ಳ ಅಂದ್ರಿ. ಕಿವುಡ ಕೋನಪ್ಪನೊಬ್ಬನ ಮುಂದೆ ತಪ್ಪಾಯ್ತು ಅಂತೀರ? ಎಷ್ಟು ಸಲೀಸು ಮೇಷ್ಟ್ರೇ!"

"ಇನ್ನೇನು ಮಾಡ್ಲೋ? ಕಾಲಿಗೆ ಬೀಳ್ಲಾ?"

"ಕಾಲಿಗೆ ಬೀಳೋದು ನಂಗೆ ಬೇಡ. ನೀವು ಸಿಟ್ಟಲ್ಲಿ ಅಂದ್ರಿ, ಅದು ಹೋಗ್ಲಿ. ನಿಮ್ಮ ಭಾಮೈದ ಅಂದ್ನಲ್ಲ, ಅದು ಸಿಟ್ಟಲ್ಲ. ಅವಾಗ ನೀವು ಸುಮ್ಮನಿದ್ರಿ. ಅಕ್ಕ ಇದ್ದಿದ್ರೆ ಅವನನ್ನ ಎಲೆ ಮುಂದಿಂದ ಎಬ್ಬಿಸಿ ಕಳಿಸ್ತಿದ್ಲು." ಹೊರಡಲು ತಿರುಗಿದವನು ಮತ್ತೆ ನಿಂತ. "ಅಕ್ಕನ ಊಟ ನಂಗೆ ತಪ್ಪಿಸಿದ್ರಿ. ಅದನ್ನ ವಾಪಸು ಕೊಡ್ತೀರಾ?"

ಅವನು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟ. ಗಾಡಿಯಲ್ಲಿ ಬಾ ಎಂದು ಕೂಗಿದರೆ ತಿರುಗಲಿಲ್ಲ.

"ತಗಡು ನೇರ ಮಾಡಿ, ಪಟ್ಟಿ ಹಾಕಿ, ಬಣ್ಣ ಬಳಿಯಕ್ಕೆ ಮೂರು ದಿನ ಬೇಕು ಸಾಮಿ," ಎಂದ ಕೋನಪ್ಪ. ಈ ಸಲ ಕೂಗದೆ. "ಗಾಡಿ ಇಲ್ಲೇ ಇರ್ಲಿ, ಬಸ್ಸಲ್ಲಿ ಹೋಗಿ."

"ಮುಚ್ಚಳ ಇರ್ಲಿ. ಗಾಡಿ ಬೇಕು."

ಹಿಂದುಗಡೆ ಬಾಯಿ ಬಿಟ್ಟುಕೊಂಡ ಗಾಡಿಯನ್ನೇ ಶಿಡ್ಲಘಟ್ಟಕ್ಕೆ ಓಡಿಸಿದೆ. ಮನೆಗೆ ಹೋಗಲಿಲ್ಲ. ಅಂದು ಪಂಕ್ತಿಯಲ್ಲಿ ಕುಳಿತಿದ್ದವರ ಮನೆಗಳನ್ನು ನೆನಪು ಮಾಡಿಕೊಂಡು ಒಂದೊಂದರ ಮುಂದೆಯೂ ನಿಲ್ಲಿಸಿದೆ. "ಡಿಕ್ಕಿ ಮುಚ್ಚಳ ಎಲ್ಲಿ ಮೇಷ್ಟ್ರೇ?" ಎಂದು ಅವರೇ ಕೇಳುತ್ತಿದ್ದರು. ಮುರಿದವನು ನಾನು, ಮುನಿಶಾಮಿಯ ಮೇಲೆ ಹೊರಿಸಿದ್ದು ಸುಳ್ಳು ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಕೆಲವರು ಅಯ್ಯೋ ಪಾಪ ಎಂದರು. ಹೆಂಡತಿ ಹೋದ ಮೇಲೆ ತಲೆ ಕೆಟ್ಟಿದೆ ಎಂದು ಒಬ್ಬರು ಒಳಗೆ ಪಿಸುಗುಟ್ಟಿದ್ದು ಕೇಳಿಸಿತು.

ಆರನೆಯ ಮನೆ ಭಾಮೈದನದು. ಅವನು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದ. ಎಲ್ಲವನ್ನೂ ಕೇಳಿ ಅಕ್ಕಪಕ್ಕದ ಬಾಗಿಲುಗಳನ್ನು ನೋಡಿದ.

"ಮೆಲ್ಲಗೆ ಭಾವ. ಆಗಿದ್ದಾಯ್ತು. ಅವನೊಬ್ಬನಿಗೋಸ್ಕರ ಯಾಕೆ ಮನೆ ಮಾನ ಬೀದಿಗೆ ಹಾಕ್ತೀರ?"

"ಬೀದಿಗೇ ಹಾಕ್ತೀನಿ ಕಣೋ!" ನನ್ನ ದನಿಯ ಗುರುತು ನನಗೇ ಸಿಗಲಿಲ್ಲ. ಎದುರುಮನೆಯ ಗಂಗುಲಮ್ಮ ಬಾಗಿಲಿಗೆ ಬಂದು ನಿಂತಳು. "ನಿನ್ನ ಅಕ್ಕ ಅವನನ್ನ ತಮ್ಮ ಅಂದ್ಲು. ನೀನು ಇಂಥೋನು ಅಂದೆ. ಆವತ್ತು ನಾನು ಬಾಯಿ ಮುಚ್ಕೊಂಡಿದ್ದೆ. ಇವತ್ತು ನೀನು ಮುಚ್ಕೊಂಡು ಕೇಳು. ಬರೋ ವಾರ ಅವಳ ಮೊದಲ ಮಾಸಿಕ. ಮೊದಲ ಎಲೆ ಮುನಿಶಾಮಿಗೆ. ಅವನ ಪಕ್ಕದಲ್ಲಿ ಕೂತು ಉಣ್ಣೋದಾದ್ರೆ ಬಾ. ಇಲ್ಲದಿದ್ರೆ ನಮ್ಮ ಹೊಸಲು ತುಳೀಬೇಡ."

"ಅವನು ಬರ್ತಾನೆ ಅಂತ ಏನು ಗ್ಯಾರಂಟಿ?" ಎಂದ ಅವನು ಮುಖ ಗಂಟಿಕ್ಕಿಕೊಂಡು.

"ಯಾವ ಗ್ಯಾರಂಟಿಯೂ ಇಲ್ಲ. ಎಲೆ ಹಾಕೋದು ನನ್ನ ಕೆಲಸ," ಎಂದು ಹೇಳಿ ಗಾಡಿ ಹತ್ತಿದೆ. ಏಳನೆಯ ಮನೆ ಮಾರುಕಟ್ಟೆಯ ಆಚೆ ಇತ್ತು.